ಹಳೆ ಗೋವೆಯ ದಾರಿಯಲ್ಲಿ ಬಾಂಬೋಳಿ

ನಮ್ಮ ಕರಾವಳಿಯ ಕುಟುಂಬಗಳು ಗೋವೆಗೆ ಹೋಗುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ಹಳೆ ಗೋವೆಯಲ್ಲಿರುವ ಸಂತ ಫ್ರಾನ್ಸಿಸ್ ಝೇವಿಯರರ ಸನ್ನಿಧಿಗೆ. ಇನ್ನೊಂದು, ಬಾಂಬೋಳಿಯ ದೊಡ್ಡಾಸ್ಪತ್ರೆಗೆ. ಮೊದಲನೆಯದಕ್ಕೆ ತಿಂಗಳ ಮುಂಚೆಯೇ ಬಸ್ಸು ಗೊತ್ತುಮಾಡಿ ಹಾಡುತ್ತಾ ಹೋಗುತ್ತೇವೆ. ಎರಡನೆಯದಕ್ಕೆ ರಾತ್ರೋರಾತ್ರಿ ಸಿಕ್ಕ ವಾಹನ ಹತ್ತಿ, ಕೈಯಲ್ಲಿ ಜಪಮಾಲೆ ಹಿಡಿದು ಹೋಗುತ್ತೇವೆ. ಉತ್ತರ ಕನ್ನಡದಲ್ಲಿ ಸುಸಜ್ಜಿತವಾದ ದೊಡ್ಡ ಆಸ್ಪತ್ರೆಯೊಂದು ಬೇಕೆಂದು 2022ರಲ್ಲಿ ಜನ ದನಿಯೆತ್ತಿದ್ದು ನಿಮಗೆ ನೆನಪಿರಬಹುದು. ನಮ್ಮ ಜಿಲ್ಲೆಯವರಿಗೆ ತುರ್ತು ಎಂದರೆ ಮಂಗಳೂರು, ಹುಬ್ಬಳ್ಳಿ ಅಥವಾ ಗೋವೆ.

ಈ ಬಾರಿ ನವೆಂಬರ್ ಕೊನೆಯ ವಾರ ನಾನು ಎರಡೂ ಕಾರಣಕ್ಕೆ ಹೋದೆ. ನಮ್ಮ ಧರ್ಮಕೇಂದ್ರದ ಹಿರಿಯ ಮೀನುಗಾರರೊಬ್ಬರು ಬಾಂಬೋಳಿಯಲ್ಲಿ ದಾಖಲಾಗಿದ್ದರು. ಅವರನ್ನು ನೋಡಿಕೊಂಡು, ಮರುದಿನ ಹಳೆ ಗೋವೆಯ ನವೇನದಲ್ಲಿ ಭಾಗವಹಿಸಿ ಬರುವುದೆಂದು ನನ್ನ ಯೋಜನೆ.

ಹೊರಡುವ ಹಿಂದಿನ ಸಂಜೆ ನಡೆದ ಒಂದು ಸಂಗತಿಯನ್ನು ಮೊದಲು ಹೇಳಬೇಕು. ನಮ್ಮ ಊರಿನ ಒಬ್ಬ ತಂದೆ ತನ್ನ ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದರು. ಹುಡುಗಿ ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಒಂದು ವರ್ಷದಿಂದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದಾಳೆ. ಈಗ ಎಂ.ಎಸ್ಸಿ. ಮಾಡಬೇಕೆಂದು ಅವಳ ಆಸೆ.

"ಫಾದರ್, ನೀವೇ ಹೇಳಿ. ಓದಿಸಲು ಮಾಡಿದ ಸಾಲ ಇನ್ನೂ ತೀರಿಲ್ಲ. ಕುವೈತಿಗೆ ಹೋದರೆ ಎರಡು ವರ್ಷದಲ್ಲಿ ಎಲ್ಲಾ ಸರಿಹೋಗುತ್ತದೆ. ಇವಳು ಮತ್ತೆ ಪುಸ್ತಕ ಹಿಡಿಯುತ್ತೇನೆ ಅನ್ನುತ್ತಾಳೆ" ಎಂದರು ತಂದೆ.

ನನಗೂ ಅವರ ಮಾತು ಸರಿಯೆನಿಸಿತು. "ಮಗು, ನರ್ಸಿಗೆ ಬೇಕಾದದ್ದು ಕರುಣೆ ಮತ್ತು ಕೈಗುಣ. ಅದು ನಿನ್ನಲ್ಲಿದೆ. ಎಂ.ಎಸ್ಸಿ. ಮಾಡಿದರೆ ರೋಗಿಯ ಹಾಸಿಗೆ ಬಿಟ್ಟು ಕಾಲೇಜಿನ ಕುರ್ಚಿಯಲ್ಲಿ ಕೂರಬೇಕಾಗುತ್ತದೆ. ಸೇವೆಗೆ ಅಷ್ಟೊಂದು ಓದು ಯಾಕೆ?" ಎಂದೆ. ಅವಳು ಎದುರು ಮಾತಾಡಲಿಲ್ಲ. ಕೈಯಲ್ಲಿದ್ದ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಆಗಲಿ ಫಾದರ್" ಎಂದು ಹೋದಳು. ಒಂದು ಮನೆಯ ಜಗಳ ಬಗೆಹರಿಸಿದೆನೆಂಬ ಸಮಾಧಾನದಿಂದ ನಾನು ಮಲಗಿದೆ.

ಬೆಳಿಗ್ಗೆ ಕಾರವಾರ ದಾಟಿ, ಕಾಳಿ ನದಿಯ ಸೇತುವೆಯ ಮೇಲೆ ಸದಾಶಿವಗಡಕ್ಕೆ ಬಂದೆವು. 2024ರ ಆಗಸ್ಟ್‌ನಲ್ಲಿ ಕುಸಿದು ಬಿದ್ದ ಹಳೆ ಸೇತುವೆಯನ್ನು ಇಲ್ಲಿ ನೆನೆಯದವರಿಲ್ಲ. ಮಾಜಾಳಿ ಕಳೆದು ಪೋಳೆಂ ಚೆಕ್‌ಪೋಸ್ಟ್ ದಾಟಿದರೆ ಗೋವೆ. ಕಾಣಕೋಣ, ಕರ್ಮಲ್ ಘಾಟಿನ ತಿರುವುಗಳು, ಕುಂಕಳ್ಳಿ, ಮಡಗಾಂವ್. ಮುಂದೆ ಜುವಾರಿ ನದಿ. ಒಂದು ಕಾಲದಲ್ಲಿ ಇಲ್ಲಿಯ ಹಳೆ ಸೇತುವೆಯ ಮೇಲೆ ಆಂಬುಲೆನ್ಸ್‌ಗಳು ಸಾಲಿನಲ್ಲಿ ಸಿಕ್ಕಿಕೊಳ್ಳುವುದನ್ನು ನೋಡಿದ್ದೇನೆ. 2022ರ ಕೊನೆಯಲ್ಲಿ ಹೊಸ ಸೇತುವೆ ತೆರೆದ ಮೇಲೆ ಆ ಕಷ್ಟ ಬಹಳ ಕಡಿಮೆಯಾಗಿದೆ. ನದಿ ದಾಟಿ ಆಗಶಿ, ಗೋವಾ ವೆಲ್ಹಾ ಕಳೆದರೆ ಗುಡ್ಡದ ಮೇಲೆ ಬಾಂಬೋಳಿ.

ಹೆದ್ದಾರಿಯ ಬದಿಯಲ್ಲಿ 'ಫುಲಾಂಚೊ ಖುರಿಸ್' ಇದೆ. ಹೂವಿನ ಶಿಲುಬೆ ಎಂದರ್ಥ. ದಾರಿಹೋಕರು ಹೂವಿನ ಹಾರ ಹಾಕಿ, ಮೇಣದ ಬತ್ತಿ ಹಚ್ಚಿ ಮುಂದೆ ಹೋಗುತ್ತಾರೆ. ಜಾತಿ ಮತಗಳ ಭೇದ ಇಲ್ಲಿಲ್ಲ. ಹತ್ತಿರದಲ್ಲೇ ಆಸ್ಪತ್ರೆ ಇರುವುದರಿಂದ ಇಲ್ಲಿನ ಪ್ರಾರ್ಥನೆಗಳೆಲ್ಲ ಬಹುಶಃ ಒಂದೇ ತರಹದವು.

ಗೋವಾ ವೈದ್ಯಕೀಯ ಕಾಲೇಜಿನ ಬೇರು 1842ರಲ್ಲಿ ಪೋರ್ಚುಗೀಸರು ಪಣಜಿಯಲ್ಲಿ ಆರಂಭಿಸಿದ ವೈದ್ಯಕೀಯ ಶಾಲೆಯಲ್ಲಿದೆ. ಏಷ್ಯಾದ ಅತಿ ಹಳೆಯ ವೈದ್ಯಕೀಯ ಶಾಲೆಗಳಲ್ಲಿ ಅದೂ ಒಂದು. ಬಹುಕಾಲ ಮಾಂಡವಿ ದಡದ ಕಾಂಪಾಲ್‌ನಲ್ಲಿದ್ದ ಆಸ್ಪತ್ರೆ ಈಗ ಬಾಂಬೋಳಿಯಲ್ಲಿದೆ. ಗೋವಾ ವಿಶ್ವವಿದ್ಯಾಲಯಕ್ಕೆ ಸೇರಿದ ಸರ್ಕಾರಿ ನರ್ಸಿಂಗ್ ಶಿಕ್ಷಣ ಸಂಸ್ಥೆಯೂ ಬಾಂಬೋಳಿಯಲ್ಲೇ ಇದೆ. ಓಣಿಯಲ್ಲಿ ನಿಂತರೆ ಕೊಂಕಣಿ, ಮರಾಠಿಯ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಕಾರವಾರದ ಕನ್ನಡ ಮಾತ್ರವಲ್ಲ, ವಾಸ್ಕೊ ಮತ್ತು ಜುವಾರಿನಗರದಲ್ಲಿ ಕೂಲಿ ಮಾಡುವ ವಿಜಾಪುರ, ಬಾಗಲಕೋಟೆಯವರ ಕನ್ನಡ. "ಎಲ್ಲಿಗ್ ಹೋಗ್ಬೇಕ್ರಿ ಯಪ್ಪಾ?" ಎಂದು ಒಬ್ಬ ತಾಯಿ ನನ್ನ ನಿಲುವಂಗಿ ನೋಡಿ ಕೇಳಿದರು. ನಾನೂ ಅವರಷ್ಟೇ ಹೊಸಬ. ಇಬ್ಬರೂ ಸೇರಿ ಹುಡುಕಿದೆವು.

ನಮ್ಮ ಅಜ್ಜ ಚೇತರಿಸಿಕೊಂಡಿದ್ದರು. ಅವರನ್ನು ನೋಡಲು ದೂರದ ಸಂಬಂಧಿಯೊಬ್ಬರು ಬಂದಿದ್ದರು. ಹೊನ್ನಾವರ ಕಡೆಯ ಹೆಣ್ಣುಮಗಳು. ಮದುವೆಯಾಗಿ ಗೋವೆಯಲ್ಲಿ ನೆಲೆಸಿ ಇಪ್ಪತ್ತು ವರ್ಷ. ಇಲ್ಲಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸ್. ಹೆಸರು ಬರೆಯಬಾರದೆಂದು ಕೇಳಿಕೊಂಡಿದ್ದಾರೆ. ಹೊರಗೆ ಚಹಾ ಕುಡಿಯುವಾಗ ನಾನು ಹಿಂದಿನ ಸಂಜೆಯ ಕಥೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟರು.

"ಫಾದರ್, ತಪ್ಪು ತಿಳಿಯಬೇಡಿ. ನೀವು ಸೆಮಿನರಿಯಲ್ಲಿ ಎಷ್ಟು ವರ್ಷ ಓದಿದಿರಿ?"

"ತತ್ವಶಾಸ್ತ್ರ, ದೈವಶಾಸ್ತ್ರ ಎಲ್ಲಾ ಸೇರಿ ಹತ್ತು ವರ್ಷ ದಾಟಿತು."

"ಪ್ರಾರ್ಥನೆ ಮಾಡುವ ಮನಸ್ಸಿದ್ದರೆ ಸಾಕು, ಅಷ್ಟು ಓದು ಯಾಕೆ ಅಂತ ನಿಮಗೆ ಯಾರೂ ಹೇಳಲಿಲ್ಲವಾ?"

ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ನಮ್ಮ ಮನೆಮನೆಗಳಲ್ಲಿ ನರ್ಸುಗಳಿದ್ದರೂ ಅವರ ಓದಿನ ಬಗ್ಗೆ ನಮಗೆ ತಿಳಿದಿರುವುದು ಕಡಿಮೆ.

ಎ.ಎನ್.ಎಂ. ಎರಡು ವರ್ಷದ ಕೋರ್ಸು. ಊರಿನ ಆರೋಗ್ಯ ಉಪಕೇಂದ್ರದಲ್ಲಿ ನಾವು ಕಾಣುವವರು ಇವರೇ. ಜಿ.ಎನ್.ಎಂ. ಮೂರು ವರ್ಷದ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಜಿ.ಎನ್.ಎಂ. ಆದವರು ಇನ್ನೆರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪಡೆಯಬಹುದು. ಎಂ.ಎಸ್ಸಿ.ಗೆ ಸೇರಲು ಪದವಿಯ ಜೊತೆಗೆ ಕನಿಷ್ಠ ಒಂದು ವರ್ಷ ಕೆಲಸ ಮಾಡಿದ ಅನುಭವವನ್ನೂ ಕೇಳುತ್ತಾರೆ. ಅದು ಎರಡು ವರ್ಷದ ಓದು. ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ಶುಶ್ರೂಷೆ, ಮಕ್ಕಳ ಶುಶ್ರೂಷೆ, ಹೆರಿಗೆ ಮತ್ತು ಸ್ತ್ರೀರೋಗ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ, ಹೀಗೆ ಒಂದು ವಿಭಾಗ ಆರಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಇದು ಹೊಸದೇನಲ್ಲ. ದೆಹಲಿಯ ರಾಜಕುಮಾರಿ ಅಮೃತ್ ಕೌರ್ ನರ್ಸಿಂಗ್ ಕಾಲೇಜಿನಲ್ಲಿ ಸ್ನಾತಕೋತ್ತರ ಶಿಕ್ಷಣ 1959ರಲ್ಲೇ ಆರಂಭವಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1969ರಲ್ಲಿ.

"ಅಲ್ಲಿ ಹೊಸದಾಗಿ ಏನು ಕಲಿಸುತ್ತಾರೆ?" ಎಂದು ಕೇಳಿದೆ.

"ಒಂದು ಉದಾಹರಣೆ ಹೇಳುತ್ತೇನೆ ಫಾದರ್. ವಾರ್ಡಿನಲ್ಲಿ ಎಲ್ಲರೂ ಬಿಪಿ ನೋಡುತ್ತಾರೆ, ಜ್ವರ ನೋಡುತ್ತಾರೆ. ಅದಕ್ಕೆ ಯಂತ್ರ ಇದೆ. ಉಸಿರನ್ನು ಮಾತ್ರ ಒಂದು ನಿಮಿಷ ಪಕ್ಕದಲ್ಲಿ ನಿಂತು ಎಣಿಸಬೇಕು. ಗಡಿಬಿಡಿಯಲ್ಲಿ ಎಲ್ಲರಿಗೂ ಹದಿನೆಂಟು, ಇಪ್ಪತ್ತು ಅಂತ ಬರೆದುಬಿಡುತ್ತಾರೆ. ಆದರೆ ರೋಗಿ ಹದಗೆಡುವಾಗ ಅನೇಕ ಸಲ ಮೊದಲು ಬದಲಾಗುವುದು ಉಸಿರೇ. ಎಣಿಸುವುದನ್ನು ನಮಗೆ ಮೊದಲ ವರ್ಷದಲ್ಲೇ ಕಲಿಸಿರುತ್ತಾರೆ. ಎಲ್ಲರಿಗೂ ಗೊತ್ತಿದ್ದೂ ಯಾರೂ ಯಾಕೆ ಎಣಿಸುವುದಿಲ್ಲ, ಇಪ್ಪತ್ತು ಜನ ಮೂರು ಶಿಫ್ಟಿನಲ್ಲೂ ಎಣಿಸುವಂತೆ ಮಾಡುವುದು ಹೇಗೆ, ಇದನ್ನು ನಾನು ಕಲಿತದ್ದು ಎಂ.ಎಸ್ಸಿ.ಯಲ್ಲಿ."

ಅವರು ಮಾಡಿದ್ದು ಸರಳ. ಒಂದು ತಿಂಗಳ ಕೇಸ್ ಶೀಟುಗಳನ್ನು ಕೂತು ಓದಿದರು. ಯಾರನ್ನೂ ಬೈಯಲಿಲ್ಲ. ಉಸಿರು, ನಾಡಿ, ಬಿಪಿ, ಜ್ವರ, ಎಚ್ಚರ ಇವುಗಳಿಗೆ ಅಂಕ ಕೊಟ್ಟು ಕೂಡಿಸುವ ಪಟ್ಟಿಯನ್ನು ತಮ್ಮ ವಾರ್ಡಿಗೆ ತಂದರು. ಇಂತಹ ಪಟ್ಟಿಗಳು ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿವೆ. ಅಂಕ ಇಷ್ಟು ದಾಟಿದರೆ ಇನ್‌ಚಾರ್ಜ್ ಸಿಸ್ಟರಿಗೆ ಹೇಳಬೇಕು, ಇನ್ನೂ ಹೆಚ್ಚಾದರೆ ನೇರವಾಗಿ ಡಾಕ್ಟರಿಗೆ ಫೋನ್ ಮಾಡಬೇಕು. ಫೋನಿನಲ್ಲಿ ಏನು ಹೇಳಬೇಕೆಂಬುದಕ್ಕೂ ಕ್ರಮವಿದೆ. ಈಗ ಏನಾಗಿದೆ, ರೋಗಿಯ ಹಿನ್ನೆಲೆ ಏನು, ನನಗೆ ಏನು ಅನಿಸುತ್ತದೆ, ನೀವು ಏನು ಮಾಡಬೇಕು. ಈ ನಾಲ್ಕೇ ಮಾತು.

"ಇದರಿಂದ ಚಿಕ್ಕ ಹುಡುಗಿಗೆ ಧೈರ್ಯ ಹುಡುಕುವ ಕೆಲಸ ತಪ್ಪುತ್ತದೆ ಫಾದರ್. ರಾತ್ರಿ ಎರಡು ಗಂಟೆಗೆ ದೊಡ್ಡ ಡಾಕ್ಟರನ್ನು ಎಬ್ಬಿಸಲು ಅವಳಿಗೆ ಭಯ. ಈಗ ಅವಳು ಎಬ್ಬಿಸುವುದಲ್ಲ, ಪಟ್ಟಿ ಎಬ್ಬಿಸುತ್ತದೆ."

ನಾನು ಏನೂ ಹೇಳಲಾಗದೆ ಕುಳಿತೆ. ನನ್ನ ತಾಯಿ ತೀರಿಕೊಂಡದ್ದು ಒಂದು ಆಸ್ಪತ್ರೆಯಲ್ಲಿ, ಬೆಳಗಿನ ಜಾವ. ಅದು ಯಾವ ಆಸ್ಪತ್ರೆ ಎಂಬುದು ಈಗ ಮುಖ್ಯವಲ್ಲ. ಆ ರಾತ್ರಿ ನಾನು ಪಕ್ಕದಲ್ಲೇ ಇದ್ದೆ. ಇಡೀ ವಾರ್ಡಿಗೆ ಒಬ್ಬಳೇ ಹುಡುಗಿ, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಮೂರು ಸಲ ಬಂದು ಅಮ್ಮನ ಮುಖ ನೋಡಿದಳು. ಏನೋ ಸರಿಯಿಲ್ಲ ಎಂದು ಅವಳಿಗೆ ಅನಿಸಿತ್ತು. ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಮೂರನೆಯ ಸಲ ಮೇಜಿನ ಮೇಲಿನ ಫೋನ್ ಮುಟ್ಟಿ, ಮತ್ತೆ ಕೈ ಹಿಂದೆ ತೆಗೆದಳು. ಡಾಕ್ಟರು ಬಂದದ್ದು ಐದೂವರೆಗೆ. ಆ ಹುಡುಗಿ ಅತ್ತದ್ದು ನನಗೆ ನೆನಪಿದೆ. ಅವಳಲ್ಲಿ ಕರುಣೆ ಇತ್ತು, ಕೈಗುಣವೂ ಇತ್ತು. ಅವಳ ಹಿಂದೆ ನಿಲ್ಲುವ ಒಬ್ಬ ಹಿರಿಯಳು ಇರಲಿಲ್ಲ. ಮೊದಲೇ ಕರೆದಿದ್ದರೆ ಅಮ್ಮ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಅಷ್ಟು ವರ್ಷ ಆ ರಾತ್ರಿಯನ್ನು ನೆನೆದವನಿಗೆ, ಮಡಚಿದ ಆ ಅರ್ಜಿಗೂ ಈ ರಾತ್ರಿಗೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ.

ಮರುದಿನ ಹಳೆ ಗೋವೆ. ಬೊಂ ಜೇಸು ಬೆಸಿಲಿಕದ ಅಂಗಳದಲ್ಲಿ ನವೇನದ ಜನಸಾಗರ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಸಂತರ ಪಾರ್ಥಿವ ಶರೀರದ ಸಾರ್ವಜನಿಕ ದರ್ಶನ ನಡೆದಾಗ ನಿಮ್ಮಲ್ಲಿ ಅನೇಕರು ಇಲ್ಲಿಗೆ ಬಂದಿರುತ್ತೀರಿ. ಬಲಿಪೂಜೆ ಮುಗಿದ ಮೇಲೆ ನಾನು ನದಿಯ ಕಡೆಗೆ, ವೈಸರಾಯ್ ಕಮಾನಿನತ್ತ ನಡೆದೆ. ಮಾಂಡವಿಯ ಈ ದಡದಲ್ಲಿ ಒಂದು ಕಾಲಕ್ಕೆ ರಾಜ ಆಸ್ಪತ್ರೆ ಇತ್ತು. 1510ರಲ್ಲಿ ಗೋವೆಯನ್ನು ಗೆದ್ದ ಆಲ್ಬುಕರ್ಕ್ ಕಾಲದಲ್ಲಿ ಅದು ಆರಂಭವಾಯಿತು. ಈಗ ಆ ಕಟ್ಟಡ ಇಲ್ಲ.

1542ರ ಮೇ 6ರಂದು ಗೋವೆಯಲ್ಲಿ ಇಳಿದ ಸಂತ ಫ್ರಾನ್ಸಿಸ್ ಝೇವಿಯರರು ಉಳಿದುಕೊಂಡದ್ದು ಈ ಆಸ್ಪತ್ರೆಯಲ್ಲೇ. ರೋಗಿಗಳ ಸೇವೆ ಮಾಡಿ, ತೀರಾ ಕಾಯಿಲೆಯಾದವರ ಹಾಸಿಗೆಯ ಪಕ್ಕದಲ್ಲೇ ನೆಲದ ಮೇಲೆ ಮಲಗುತ್ತಿದ್ದರೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಈ ಕಥೆಯನ್ನು ನಾನು ಎಷ್ಟೋ ಪ್ರಬೋಧನೆಗಳಲ್ಲಿ ಹೇಳಿದ್ದೇನೆ. ಅದರ ಮುಂದಿನ ಕಥೆಯನ್ನು ಮಾತ್ರ ಹೇಳಿರಲಿಲ್ಲ.

ಮುಂದೆ ಆ ಆಸ್ಪತ್ರೆಯ ಆಡಳಿತ ಯೇಸುಸಭೆಯ ಗುರುಗಳ ಕೈಗೆ ಬಂತು. 1608ರಲ್ಲಿ ಪಿರಾರ್ ದ ಲಾವಾಲ್ ಎಂಬ ಫ್ರೆಂಚ್ ಪ್ರವಾಸಿ ಕಾಯಿಲೆಯಾಗಿ ಅಲ್ಲಿ ಸೇರಿದ. ಶುಭ್ರವಾದ ಹಾಸಿಗೆ, ಬೆಳ್ಳಿಯ ಹಾಗೂ ಚೀನಾ ಪಿಂಗಾಣಿಯ ತಟ್ಟೆಗಳು, ಕ್ರಮಬದ್ಧವಾದ ಆರೈಕೆ. ಇಷ್ಟು ಒಳ್ಳೆಯ ಆಸ್ಪತ್ರೆ ಜಗತ್ತಿನಲ್ಲೇ ಇಲ್ಲವೆಂಬಂತೆ ಅವನು ಬರೆದ. ಅಲ್ಲಿ ಚಿಕಿತ್ಸೆ ದೊರೆಯುತ್ತಿದ್ದುದು ಯುರೋಪಿನ ಸೈನಿಕರಿಗೆ, ನಮ್ಮ ಜನರಿಗಲ್ಲ ಎಂಬುದನ್ನೂ ಮರೆಯಬಾರದು. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, 1641ರಲ್ಲಿ ಒಮ್ಮೆ, 1648ರಲ್ಲಿ ಇನ್ನೊಮ್ಮೆ, ತವೆರ್ನಿಯೆ ಎಂಬ ಇನ್ನೊಬ್ಬ ಫ್ರೆಂಚ್ ವರ್ತಕ ಗೋವೆಗೆ ಬಂದ. ಮೊದಲ ಸಲ ಬಂದಾಗ ಆಸ್ಪತ್ರೆ ಚೆನ್ನಾಗಿಯೇ ಇತ್ತು, ಆಮೇಲೆ ನಡೆಸುವವರು ಬದಲಾದರು, ರೋಗಿಗಳ ಆರೈಕೆ ಕೆಟ್ಟಿತು, ಒಳಗೆ ಹೋದ ಅನೇಕರು ಸಮಾಧಿಗೆ ಹೋಗಲು ಮಾತ್ರ ಹೊರಬರುತ್ತಿದ್ದರು ಎಂದು ಅವನ ಬರಹದ ಸಾರಾಂಶ.

ಅದೇ ಆಸ್ಪತ್ರೆ, ಅದೇ ನದಿಯ ದಡ, ಅದೇ ರೋಗಗಳು. ತವೆರ್ನಿಯೆ ಕಂಡ ಕಾರಣ ಒಂದೇ, ನಡೆಸುವವರು ಬದಲಾದದ್ದು. ಹಿಂದಿನ ದಿನ ಆ ಹೆಣ್ಣುಮಗಳು ಚಹಾ ಕುಡಿಯುತ್ತಾ ಹೇಳಿದ್ದು ಇದನ್ನೇ ಅಲ್ಲವೇ?

ಇಂದು ಇದನ್ನು ಲೆಕ್ಕ ಹಾಕಿಯೂ ನೋಡಿದ್ದಾರೆ. ಅಮೆರಿಕದ ಲಿಂಡಾ ಏಕೆನ್ ಮತ್ತು ಸಂಗಡಿಗರು ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಪದವೀಧರ ನರ್ಸುಗಳ ಪ್ರಮಾಣ ಶೇಕಡಾ 10ರಷ್ಟು ಹೆಚ್ಚಿರುವಲ್ಲಿ ರೋಗಿಗಳ ಸಾವಿನ ಸಂಭವ ಶೇಕಡಾ 7ರಷ್ಟು ಕಡಿಮೆ ಇತ್ತು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಆ ಸಂಭವ ಶೇಕಡಾ 7ರಷ್ಟು ಏರುತ್ತಿತ್ತು. ಓದೂ ಬೇಕು, ಕೈಗಳ ಸಂಖ್ಯೆಯೂ ಬೇಕು.

ಆದರೆ ನಾನು ಆ ಹುಡುಗಿಗೆ ಹೇಳಿದ ಮಾತಿನಲ್ಲಿ ಒಂದು ಅಂಶ ನಿಜವೂ ಆಗಿತ್ತು. ನಮ್ಮಲ್ಲಿ ಎಂ.ಎಸ್ಸಿ. ಮಾಡಿದವರಲ್ಲಿ ಬಹುಮಂದಿ ನರ್ಸಿಂಗ್ ಕಾಲೇಜುಗಳಿಗೆ ಪಾಠ ಹೇಳಲು ಹೋಗುತ್ತಾರೆ. ಅಲ್ಲಿ ಆ ಪದವಿಗೆ ಹುದ್ದೆಯಿದೆ. ವಾರ್ಡಿನಲ್ಲಿ ಅನೇಕ ಕಡೆ ಬಡ್ತಿ ಸಿಗುವುದು ಸೇವಾ ವರ್ಷಗಳನ್ನು ಎಣಿಸಿ. ಓದಿಗೆ ಬೇರೆ ಸ್ಥಾನವಿಲ್ಲ, ಸಂಬಳವೂ ಇಲ್ಲ. ಈ ಹಿರಿಯ ನರ್ಸ್ ಕೂಡ ಹೇಳಿದರು: "ಓದಿ ಬಂದ ಮೇಲೂ ಎರಡು ವರ್ಷ ನನಗೆ ಹಳೆ ಸಂಬಳವೇ ಇತ್ತು ಫಾದರ್. ಕಾಲೇಜಿಗೆ ಹೋಗು ಅಂದರು. ನಾನು ವಾರ್ಡಿನಲ್ಲೇ ಇರುತ್ತೇನೆ ಅಂದೆ." ಇದು ಓದಿನ ತಪ್ಪಲ್ಲ, ನಮ್ಮ ಆಸ್ಪತ್ರೆಗಳ ವ್ಯವಸ್ಥೆಯ ಕೊರತೆ. ಇದನ್ನು ಸರಿಪಡಿಸುವ ಪ್ರಯತ್ನಗಳೂ ನಡೆದಿವೆ. ತೀವ್ರ ನಿಗಾ ಘಟಕಗಳಿಗಾಗಿ 'ನರ್ಸ್ ಪ್ರಾಕ್ಟೀಷನರ್' ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನು ಭಾರತೀಯ ನರ್ಸಿಂಗ್ ಪರಿಷತ್ತು ಕಳೆದ ದಶಕದಲ್ಲಿ ರೂಪಿಸಿತು. ಅದರಲ್ಲಿ ಓದುವವರು ಹೆಚ್ಚಿನ ಸಮಯ ಕಳೆಯುವುದು ರೋಗಿಯ ಬಳಿಯೇ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಕೋರ್ಸು ಇದ್ದರೆ ಸಾಲದು, ಕಲಿತು ಬಂದವಳಿಗೆ ವಾರ್ಡಿನಲ್ಲಿ ಹುದ್ದೆ ಬೇಕು. ನಮ್ಮ ಧರ್ಮಸಭೆಯ ಆಸ್ಪತ್ರೆಗಳನ್ನು ನಡೆಸುವವರೂ ಇದನ್ನು ಯೋಚಿಸಬೇಕಾಗಿದೆ. ಹುಡುಗಿಯರಿಗೆ ಸೇವೆಯ ಮಹತ್ವ ಬೋಧಿಸುವ ನಾವು, ಅವರ ಓದಿಗೆ ತಕ್ಕ ಸ್ಥಾನ ಕೊಟ್ಟಿದ್ದೇವೆಯೇ?

ಹಿಂತಿರುಗುವಾಗ ಸಂತ ಜೋಸೆಫ್ ವಾಜ್ ನೆನಪಾದರು. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿ, 1681ರಿಂದ ಕೆಲವು ವರ್ಷ ನಮ್ಮ ಕೆನರಾದಲ್ಲೇ ದುಡಿದವರು. 1697ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಸಿಡುಬು ಹರಡಿ ಜನ ರೋಗಿಗಳನ್ನು ಬಿಟ್ಟು ಓಡಿದಾಗ, ಅವರು ಉಳಿದು ಆರೈಕೆ ಮಾಡಿದರು. ಓಡದೆ ಉಳಿಯುವ ಮನಸ್ಸು ಮೊದಲು ಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ಉಳಿದವಳ ಕೈಗೆ ತಿಳಿವಳಿಕೆಯನ್ನೂ ಅಧಿಕಾರವನ್ನೂ ಕೊಡುವುದು ಉಳಿದ ನಮ್ಮೆಲ್ಲರ ಕೆಲಸ.

ಊರಿಗೆ ಬಂದ ಸಂಜೆಯೇ ನಾನು ಆ ಮನೆಗೆ ಹೋದೆ. ತಾಯಿ ಮೀನು ಸಾರಿಗೆ ತೆಂಗಿನಕಾಯಿ ತುರಿಯುತ್ತಿದ್ದರು. "ಮೊನ್ನೆ ನಾನು ಅವಸರದಲ್ಲಿ ಮಾತಾಡಿದೆ. ನನಗೆ ತಿಳಿಯದ ವಿಷಯದಲ್ಲಿ ತೀರ್ಪು ಕೊಟ್ಟೆ" ಎಂದು ತಂದೆಗೂ ಮಗಳಿಗೂ ಹೇಳಿದೆ. ಅಮ್ಮನ ಕೊನೆಯ ರಾತ್ರಿಯ ಕಥೆಯನ್ನೂ ಹೇಳಿದೆ. ಆ ಮನೆಯ ಸಾಲ ನಿಜ, ಅದನ್ನು ನನ್ನ ಮಾತು ತೀರಿಸುವುದಿಲ್ಲ. ಹಾಗಾಗಿ ಕುವೈತಿಗೆ ಹೋಗಬೇಡ ಎಂದು ನಾನು ಹೇಳಲಿಲ್ಲ. ಒಂದು ವರ್ಷ ದುಡಿದು ಆಮೇಲೆ ಓದಬಹುದು, ಸರ್ಕಾರಿ ಸೀಟಿಗೆ ಪ್ರಯತ್ನಿಸಬಹುದು, ಧರ್ಮಕೇಂದ್ರದ ವಿದ್ಯಾನಿಧಿಯಿಂದಲೂ ಕೇಳೋಣ ಎಂದು ಮೂರು ದಾರಿಗಳನ್ನು ಕೂತು ಲೆಕ್ಕ ಹಾಕಿದೆವು.

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಮಗಳ ಕಡೆ ತಿರುಗಿ, "ಆ ಕಾಗದ ಎಲ್ಲಿಟ್ಟಿದ್ದೀಯಾ?" ಎಂದು ಕೇಳಿದರು.

ಅವಳು ಒಳಗೆ ಹೋಗಿ ತಂದಳು. ಮಡಿಕೆಯ ಗೆರೆಗಳು ಇನ್ನೂ ಹಾಗೆಯೇ ಇದ್ದವು. ಅರ್ಜಿ ಕಳಿಸಲು ಮೂರು ವಾರ ಸಮಯವಿತ್ತು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬ ಮಗಳೋ ಮಗನೋ ಇರಬಹುದು. 'ಇಷ್ಟು ಓದಿದ್ದು ಸಾಕಲ್ಲ' ಎಂದು ಹೇಳುವ ಮೊದಲು, ನಿಮ್ಮವರ ಹಾಸಿಗೆಯ ಪಕ್ಕದಲ್ಲಿ ನೀವು ಎಚ್ಚರವಾಗಿ ಕುಳಿತ ಒಂದು ರಾತ್ರಿಯನ್ನು ನೆನೆಯಿರಿ. ಆಗ ಬಾಗಿಲಿನಿಂದ ಯಾರು ಬರಬೇಕೆಂದು ನೀವು ಹಂಬಲಿಸಿದ್ದಿರೋ, ಅವಳನ್ನು ಯಾರಾದರೂ ಒಬ್ಬರು ಓದಿಸಿರಬೇಕಾಗುತ್ತದೆ.